ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಕಾಡು: ಬೇಟೆಕಾಡು ಹುಲಿಕಾಡಾದ ಕಥೆ

ಹೋದ ತಿಂಗಳು ಮೈಸೂರಲ್ಲಿ ಕಾಲೇಜು ಹುಡುಗ್ರು, ಒಂದಷ್ಟು ರಿಟೈರ್ಡ್ ಹಿರಿಯರು, ಚಾರಣಕ್ಕೆ ಹೋಗೋ ಗೆಳೆಯರು ಎಲ್ಲ ಸೇರಿದ್ದಾಗ ಮಾತಾಡಿದ್ದು ಇದು. ಬಂದೋರಲ್ಲಿ ಕೆಲವರು ಬರೆದು ಹಾಕಿ ಅಂತ ಕೇಳಿದ್ರು, ರೆಕಾರ್ಡಿಂಗ್ ಕೇಳಿಸ್ಕೊಂಡು ಹೇಳಿದ ಹಾಗೇ ಬರೆದಿದ್ದೀನಿ, ಎರಡು ಮೂರು ಕಡೆ ಆವತ್ತು ಬಿಟ್ಟುಹೋಗಿದ್ದನ್ನ ಸೇರಿಸಿದ್ದೀನಿ.

ಎಲ್ರಿಗೂ ನಮಸ್ಕಾರ. ನಾನು ಗುಂಡ್ಲುಪೇಟೆ ತಾಲ್ಲೂಕಿನೋನು. ನಮ್ಮೂರ ಹೊಲದಲ್ಲಿ ನಿಂತು ನೋಡಿದ್ರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತೆ, ಕಾಣುತ್ತೆ ಅಂದ್ರೆ ಕಾಣೋ ದಿನ ಕಾಣುತ್ತೆ, ಮಿಕ್ಕ ದಿನ ಬರೀ ಮಂಜು. 1,454 ಮೀಟರ್ ಎತ್ತರ ಅದು, ಅದಕ್ಕೇ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಅಂತ ಹೆಸರು. ಮೇಲೆ ದೇವಸ್ಥಾನದಲ್ಲಿ ಕೊಳಲು ಹಿಡ್ಕೊಂಡು ನಿಂತಿರೋ ವೇಣುಗೋಪಾಲ. ನಮ್ಮ ಅವ್ವ ಹಸು ಈದ್ರೆ ಮೊದಲ ತುಪ್ಪ ಅಲ್ಲಿಗೇ ಅಂತ ಎತ್ತಿಡ್ತಿದ್ರು. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋದ್ರೆ ದೇವಸ್ಥಾನದ ಹಿಂದೆ ನಿಂತು ಕೆಳಗೆ ನೋಡೋದೇ ನಂಗೆ ದೊಡ್ಡ ಖುಷಿ, ಹಸಿರು ಹಾಸಿದ ಹಾಗೆ ಗುಡ್ಡಗಳು, ಆಚೆಗೆ ನೀಲಗಿರಿ. ಅಪ್ಪ ಒಂದೇ ಮಾತು ಹೇಳ್ತಿದ್ರು, "ಅದೆಲ್ಲ ಮಾರಾಜರ ಕಾಡು ಕಣಪ್ಪ". ಆಗ ಮಹಾರಾಜರ ಆಳ್ವಿಕೆ ಹೋಗಿ ಮೂವತ್ತು ವರ್ಷದ ಮೇಲಾಗಿತ್ತು, ಆದ್ರೂ ಅವರ ಬಾಯಲ್ಲಿ ಅದು ಮಾರಾಜರ ಕಾಡೇ.

ಇವತ್ತು ನಾನು ಹೇಳೋಕೆ ಬಂದಿರೋದು ಆ ಮಾತಿನ ಬಗ್ಗೇನೇ. ಒಂದೇ ಕಾಡು, ಇವತ್ತು ನಾವು ಬಂಡೀಪುರ ಅನ್ನೋದು, ಒಂದು ಕಾಲಕ್ಕೆ ರಾಜರ ಬೇಟೆಕಾಡು, ಆಮೇಲೆ ದೇವರ ಹೆಸರಿನ ಪಾರ್ಕು, ಆಮೇಲೆ ಹುಲಿ ಯೋಜನೆ, ಆಮೇಲೆ ರಾಷ್ಟ್ರೀಯ ಉದ್ಯಾನ. ಬೋರ್ಡ್ ಮೂರು ಸಲ ಬದಲಾಯ್ತು. ಆದ್ರೆ ಆ ಕಾಡಲ್ಲಿ ದಿನಾ ನಡೆದಾಡಿದ ಜನ, ಹೆಜ್ಜೆ ನೋಡಿ ಪ್ರಾಣಿ ಹೇಳೋರು, ಆನೆ ಪಳಗಿಸೋರು, ಬೆಂಕಿ ಯಾವಾಗ ಹಾಕ್ಬೇಕು ಯಾವಾಗ ಹಾಕ್ಬಾರ್ದು ಅಂತ ಗೊತ್ತಿದ್ದೋರು, ಇವರ ಹೆಸರು ಆ ನಾಲ್ಕು ಬೋರ್ಡಲ್ಲಿ ಒಂದರಲ್ಲೂ ಬರಲಿಲ್ಲ. ಪರಂಪರೆ ಅಂದ್ರೆ ನಾವು ಅರಮನೆ, ಅಂಬಾರಿ, ದರ್ಬಾರು ಅಂತೀವಿ. ಈ ಜನಕ್ಕೆ ಗೊತ್ತಿರೋ ವಿದ್ಯೆಯೂ ಅಷ್ಟೇ ದೊಡ್ಡ ಪರಂಪರೆ ಅನ್ನೋದು ನನ್ನ ನಂಬಿಕೆ.

ಮೊದಲು ಬೇಟೆ ವಿಷಯಕ್ಕೆ ಬರ್ತೀನಿ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾಗಿದ್ದು 1864ರಲ್ಲಿ, ಬ್ರಿಟಿಷ್ ಕಮಿಷನರ್ ಆಡಳಿತದ ಕಾಲ. ಅವತ್ತಿನ ಚಿಂತೆ ಹುಲಿ ಆನೆಯದ್ದಲ್ಲ, ತೇಗ, ಗಂಧ, ಬೀಟೆ. ಯಾವ ಕಾಡಲ್ಲಿ ಯಾರು ಕೊಡಲಿ ಹಾಕ್ಬಹುದು, ಎಲ್ಲಿ ದನ ಬಿಡಬಾರದು ಅಂತ ಗೆರೆ ಎಳೆಯೋಕೆ ಶುರು ಮಾಡಿದ್ರು. 1901ಕ್ಕೆ ಬೇಟೆ ಪ್ರಾಣಿ ಮತ್ತು ಮೀನು ಕಾಪಾಡೋ ರೆಗ್ಯುಲೇಷನ್ ಬಂತು. ಕಾಪಾಡೋದು ಅಂದ್ರೆ ಬೇಟೆ ಆಡೋರಿಗೆ ಪ್ರಾಣಿ ಕಮ್ಮಿ ಆಗಬಾರದು ಅಂತ ಕಾಪಾಡೋದು, ಇದನ್ನ ಮರೀಬಾರ್ದು. ಅರಮನೆ ಅತಿಥಿ ಬಂದ್ರೆ ಹುಲಿ ಸಿಗಲೇಬೇಕಿತ್ತು, ವೈಸ್‌ರಾಯ್ ಬಂದ್ರೆ ಕಾಟಿ, ಅಂದ್ರೆ ಕಾಡೆಮ್ಮೆ, ಸಿಗಲೇಬೇಕಿತ್ತು.

ಹುಲಿ ಸಿಗೋದು ಸುಮ್ನೆ ಅಲ್ಲ. ಊರೂರಿಂದ ಜನ ಕರ್ಕೊಂಡು ಬಂದು ಸೋವೋಕೆ ನಿಲ್ಲಿಸ್ತಿದ್ರು, ತಮಟೆ ಹೊಡ್ಕೊಂಡು ಕೂಗ್ಕೊಂಡು ಪೊದೆ ಬಡೀತಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ರಾಣೀನ ನೂಕೋದು, ಆ ಕಡೆ ಅಟ್ಟಣೆ ಮೇಲೆ ಬಂದೂಕು ಹಿಡಿದೋರು ಕೂತಿರ್ತಿದ್ರು. ನಮ್ಮ ತಾತನ ಅಣ್ಣ ಹುಡುಗನಾಗಿದ್ದಾಗ ಸೋವೋಕೆ ಹೋಗಿದ್ರಂತೆ. ಕೈಯಲ್ಲಿ ಒಂದು ದೊಣ್ಣೆ, ಅಷ್ಟೇ. ಹೊಡೆದ ಹುಲಿ ಜೊತೆ ಫೋಟೋ ತೆಗೆಸ್ಕೊಂಡೋರ ಹೆಸರು ಕೆಳಗೆ ಬರೆದಿರುತ್ತೆ, ಹಿಂದೆ ಸಾಲಾಗಿ ನಿಂತಿರೋ ಐವತ್ತು ಜನರ ಹೆಸರು ಇರಲ್ಲ. ಅಂಥ ಹಳೇ ಫೋಟೋ ಸಿಕ್ಕಿದಾಗೆಲ್ಲ ನಾನು ಹಿಂದಿನ ಸಾಲನ್ನೇ ನೋಡೋದು.

ಮೈಸೂರಲ್ಲೇ ಇದ್ದ ವ್ಯಾನ್ ಇಂಗೆನ್ ಕಾರ್ಖಾನೆ ಬಗ್ಗೆ ನಿಮ್ಮಲ್ಲಿ ಹಿರಿಯರಿಗೆ ಗೊತ್ತಿರುತ್ತೆ. ಸತ್ತ ಪ್ರಾಣಿಯ ಚರ್ಮ ಹದ ಮಾಡಿ, ಒಳಗೆ ಅಚ್ಚು ತುಂಬಿ, ಬದುಕಿರೋ ಹಾಗೇ ನಿಲ್ಲಿಸೋ ಕೆಲಸ. ಇಪ್ಪತ್ತನೇ ಶತಮಾನದ ಶುರುವಲ್ಲಿ ಪ್ರಾರಂಭ ಆಗಿ 1999ಕ್ಕೆ ಬಾಗಿಲು ಮುಚ್ಚಿತು. ಅಷ್ಟು ವರ್ಷದಲ್ಲಿ ಆ ಒಂದೇ ಕಾರ್ಖಾನೆಗೆ ಬಂದ ಹುಲಿ ಚಿರತೆ ಲೆಕ್ಕ ಸುಮಾರು 43,000. ಬರೀ ಮೈಸೂರು ಕಾಡಿಂದ ಅಲ್ಲ, ದೇಶದ ಎಲ್ಲ ರಾಜರೂ ಸಾಹೇಬರೂ ಇಲ್ಲಿಗೇ ಕಳಿಸ್ತಿದ್ರು, ಆದ್ರೂ ಆ ಸಂಖ್ಯೆ ಒಂದು ಸಲ ಮನಸ್ಸಲ್ಲಿ ಇಟ್ಕೊಳ್ಳಿ. ಹೋದ ಗಣತಿಯಲ್ಲಿ, 2022ರದ್ದು, ಇಡೀ ಕರ್ನಾಟಕದಲ್ಲಿ ಸಿಕ್ಕಿದ ಹುಲಿ 563.

ಈಗ ಖೆಡ್ಡಾ, ಅಂದ್ರೆ ಕಾಡಾನೆ ಹಿಂಡನ್ನ ಸುತ್ತುವರಿದು ದೊಡ್ಡಿಗೆ ನೂಕಿ ಹಿಡಿಯೋದು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ನಮ್ಮ ಕಾಡಿನ ಚರಿತ್ರೆ ಪೂರ್ತಿ ಇದರೊಳಗೇ ಇದೆ ಅನ್ಸುತ್ತೆ.

ಸ್ಯಾಂಡರ್ಸನ್ ಅಂತ ಒಬ್ಬ ಅಧಿಕಾರಿ, ಮೈಸೂರು ಸೀಮೆಯಲ್ಲಿ ಕಾಲುವೆ ನೋಡ್ಕೊಳ್ಳೋಕೆ ಬಂದೋನು. ಚಾಮರಾಜನಗರ ಹತ್ರ ಇದ್ದು ಕನ್ನಡ ಚೆನ್ನಾಗಿ ಕಲಿತು ಕಾಡು ಸುತ್ತಿ ಸುತ್ತಿ ಆನೆ ಹುಚ್ಚು ಹಿಡಿಸ್ಕೊಂಡ. 1874ರಲ್ಲಿ ಚಾಮರಾಜನಗರದ ಹತ್ರಾನೇ ಒಂದು ಇಡೀ ಹಿಂಡನ್ನ ಒಂದೇ ಸಲಕ್ಕೆ ಸುತ್ತುವರಿದು ಹಿಡಿಸಿದ, ಐವತ್ತಕ್ಕೂ ಹೆಚ್ಚು ಆನೆ. ಅವನೇ ಬರೆದಿರೋ ಪ್ರಕಾರ ಅದಕ್ಕೂ ನೂರು ವರ್ಷ ಮುಂಚೆ ಹೈದರಾಲಿ ಕಾಕನಕೋಟೆ ಕಾಡಲ್ಲಿ ಇದೇ ಪ್ರಯತ್ನ ಮಾಡಿ, ಆಗದೆ, ಇನ್ನು ಯಾರಿಂದಲೂ ಆಗಲ್ಲ, ಮಾಡೋಕೆ ಬಂದೋರಿಗೆ ಶಾಪ ಅಂತ ಕಲ್ಲಲ್ಲಿ ಕೆತ್ತಿಸಿ ಹೋಗಿದ್ನಂತೆ. ಆಮೇಲೆ ಖೆಡ್ಡಾ ಅಂದ್ರೆ ಕಾಕನಕೋಟೆ ಅನ್ನೋ ಹಾಗಾಯ್ತು, ಎಚ್.ಡಿ. ಕೋಟೆ ತಾಲ್ಲೂಕು, ಕಬಿನಿ ದಂಡೆ. 1971ರಲ್ಲಿ ಕೊನೇದು. ಅಲ್ಲಿವರೆಗೆ ಒಟ್ಟು 36 ಖೆಡ್ಡಾ, ಹಿಡಿದಿದ್ದು ಹತ್ತಿರ ಹತ್ತಿರ ಒಂದೂವರೆ ಸಾವಿರ ಆನೆ.

ಹೆಂಗೆ ಮಾಡ್ತಿದ್ರು ಅಂದ್ರೆ, ಮೊದಲು ಆ ಕಾಡಿನ ಆದಿವಾಸಿಗಳಾದ ಜೇನುಕುರುಬರು ಕಾಡುಕುರುಬರು ಹಿಂಡಿನ ಜಾಡು ಹಿಡೀಬೇಕು. ಲದ್ದಿ ಎಷ್ಟು ಹಳೇದು, ಮುರಿದ ಬಿದಿರಿನ ತುದಿ ಒಣಗಿದ್ಯಾ ಹಸಿ ಇದ್ಯಾ, ಹಿಂಡಲ್ಲಿ ಮರಿ ಎಷ್ಟು, ಇದೆಲ್ಲ ಅವರು ನೋಡಿ ಹೇಳಬೇಕು, ಅವರು ಹೇಳದೆ ಒಂದು ಹೆಜ್ಜೆ ಮುಂದೆ ಇಡೋಕಾಗಲ್ಲ. ಆಮೇಲೆ ನೂರಾರು ಜನ ಹಿಂಡನ್ನ ದೂರದಿಂದ ಸುತ್ತುವರಿಯೋದು, ರಾತ್ರಿ ಹಗಲು ಬೆಂಕಿ ಹಾಕ್ಕೊಂಡು ಕಾಯೋದು, ದಿನಗಟ್ಟಲೆ. ಬೆಂಕಿ ಆರಿದ್ರೆ ಹಿಂಡು ಆ ಸಂದಿಯಲ್ಲೇ ನುಗ್ಗಿ ಹೋಗುತ್ತೆ. ನಿಧಾನಕ್ಕೆ ಹಿಂಡನ್ನ ಹೊಳೆ ಕಡೆ ತಂದು, ಕಬಿನಿ ದಾಟಿಸಿ, ಆಚೆ ದಂಡೆಯಲ್ಲಿ ಕಟ್ಟಿರೋ ದೊಡ್ಡಿಗೆ ನೂಕೋದು. ಮೈಸೂರು ಖೆಡ್ಡಾದ ವಿಶೇಷ ಅಂದ್ರೆ ಈ ಹೊಳೆ ದಾಟಿಸೋದೇ. ಅರಮನೆ ಅತಿಥಿಗಳು, ವೈಸ್‌ರಾಯ್‌ಗಳು ದಂಡೆ ಮೇಲೆ ಕೂತು ನೋಡ್ತಿದ್ರು, ನೀರಲ್ಲಿ ತಾಯಿ ಆನೆ ಮರೀನ ಸೊಂಡಿಲಲ್ಲಿ ತಳ್ಕೊಂಡು ಈಜೋದು. ಕೊನೇ ಆನೆ ಒಳಗೆ ಹೋಗ್ತಿದ್ದ ಹಾಗೆ ಹಗ್ಗ ಕಡಿದು ಬಾಗಿಲು ಬೀಳಿಸೋದು.

ಮಾರನೇ ದಿನದಿಂದ ಪಳಗಿದ ಕುಮ್ಕಿ ಆನೆ ಮೇಲೆ ಮಾವುತರು ದೊಡ್ಡಿ ಒಳಗೆ ಹೋಗಿ ಒಂದೊಂದನ್ನೇ ಕಾಲಿಗೆ ಕುತ್ತಿಗೆಗೆ ಹಗ್ಗ ಹಾಕಿ ಕಟ್ಟೋದು. ಹಗ್ಗದ ಗಾಯ ಆಗ್ತಿತ್ತು, ಎಷ್ಟೋ ಆನೆ ಆ ಗಾಯದಲ್ಲೇ ಹೋದವು, ಮರಿಗಳು ತಾಯಿಯಿಂದ ಬೇರೆಯಾದವು. ಆಮೇಲೆ ಹರಾಜು. ದೇವಸ್ಥಾನಕ್ಕೆ, ಮರ ಎಳೆಯೋ ಕೆಲಸಕ್ಕೆ, ಬೇರೆ ಸಂಸ್ಥಾನಕ್ಕೆ. ನಾನು ಇದನ್ನ ವೈಭವ ಅಂತ ಹೇಳಲ್ಲ, ಹಾಗಂತ ಇದರಲ್ಲಿದ್ದ ವಿದ್ಯೆಯನ್ನ ಇಲ್ಲ ಅಂತಾನೂ ಹೇಳೋಕಾಗಲ್ಲ. ಇವತ್ತು ಹಾಸನದಲ್ಲೋ ಕೊಡಗಲ್ಲೋ ಪುಂಡಾನೆ ಹಿಡೀಬೇಕು ಅಂದಾಗ ದುಬಾರೆ, ಮತ್ತಿಗೋಡು, ಬಳ್ಳೆ ಆನೆ ಕ್ಯಾಂಪಿಂದ ಬರೋ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಇದ್ದಾರಲ್ಲ, ಅವರಲ್ಲಿ ಬಹಳ ಜನ ಖೆಡ್ಡಾದಲ್ಲಿ ಕೆಲಸ ಮಾಡಿದೋರ ಮಕ್ಕಳು ಮೊಮ್ಮಕ್ಕಳು. ವಿದ್ಯೆ ಬಂದಿರೋದು ಅಲ್ಲಿಂದ, ಪುಸ್ತಕದಿಂದ ಅಲ್ಲ.

ಸರಿ, ಪಾರ್ಕಿಗೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, 1931, ಬಂಡೀಪುರದಲ್ಲಿ ಸುಮಾರು 90 ಚದರ ಕಿಲೋಮೀಟರ್ ಜಾಗವನ್ನ ಅಭಯಾರಣ್ಯ ಅಂತ ಮಾಡಿದ್ರು. ಅಷ್ಟು ಸಣ್ಣ ಜಾಗ ಪ್ರಾಣಿಗೆ ಸಾಕಾಗಲ್ಲ ಅಂತ ಹತ್ತು ವರ್ಷಕ್ಕೆ ಗೊತ್ತಾಯ್ತು, 1941ರ ಫೆಬ್ರವರಿಯಲ್ಲಿ, ಅಷ್ಟೊತ್ತಿಗೆ ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದಿದ್ರು, ಸುಮಾರು 800 ಚದರ ಕಿಲೋಮೀಟರ್ ಸೇರಿಸಿ ವೇಣುಗೋಪಾಲ ವನ್ಯಜೀವಿ ಪಾರ್ಕ್ ಅಂತ ಆದೇಶ ಆಯ್ತು. ನಮ್ಮ ಬೆಟ್ಟದ ದೇವರ ಹೆಸರು! ಇದು ನಂಗೆ ಗೊತ್ತಾಗಿದ್ದು ಇಪ್ಪತ್ತು ವಯಸ್ಸು ದಾಟಿದ ಮೇಲೆ, ಮೈಸೂರಿನ ಒಂದು ಲೈಬ್ರರಿಯಲ್ಲಿ ಹಳೇ ಪುಸ್ತಕ ತಿರುವಿ ಹಾಕ್ತಾ ಇದ್ದಾಗ. ಊರಿಗೆ ಹೋಗಿ ಅವ್ವಂಗೆ ಹೇಳಿದೆ. "ಮತ್ತೆ, ದನ ಕಾಯೋ ದೇವ್ರು ಹುಲಿ ಕಾಯಲ್ವಾ" ಅಂದ್ರು. ದನವನ್ನೂ ಹುಲಿಯನ್ನೂ ಒಂದೇ ದೇವರ ಲೆಕ್ಕಕ್ಕೆ ಹಾಕಿದ್ರು ಅವರು, ಆ ಮಾತು ಇವತ್ತಿಗೂ ತಲೆಯಲ್ಲಿ ಇದೆ.

ಅದೇ ಹೊತ್ತಲ್ಲಿ, 1940ರಲ್ಲಿ, ರಂಗನತಿಟ್ಟು. ಶ್ರೀರಂಗಪಟ್ಟಣದ ಹತ್ರ ಕಾವೇರಿಯಲ್ಲಿ ಸಣ್ಣ ಸಣ್ಣ ನಡುಗಡ್ಡೆ ಇದೆಯಲ್ಲ, ಅದು ತಾನಾಗೇ ಆಗಿದ್ದಲ್ಲ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ್ ಹೊಳೆಗೆ ಅಡ್ಡ ಕಟ್ಟೆ ಕಟ್ಟಿಸಿದ್ರು, ನೀರು ನಿಂತು ಸುತ್ತುವರಿದು ತಿಟ್ಟುಗಳು ಉಳ್ಕೊಂಡವು. ಗದ್ದೆಗೆ ನೀರು ಹಾಯಿಸೋಕೆ ಅಂತ ಮಾಡಿದ ಕೆಲಸ, ಮುನ್ನೂರು ವರ್ಷ ಹಕ್ಕಿಗಳು ಅಲ್ಲಿ ಗೂಡು ಕಟ್ಕೊಂಡು ಬಂದವು, ಯಾಕಂದ್ರೆ ಸುತ್ತ ನೀರು, ನೀರಲ್ಲಿ ಮೊಸಳೆ, ಬೆಕ್ಕು ನಾಯಿ ಮನುಷ್ಯ ಯಾರೂ ಮೊಟ್ಟೆಗೆ ಕೈ ಹಾಕೋಕೆ ಬರಲ್ಲ. ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿ ಸರ್ವೆಗೆ ಅಂತ ಬಂದಾಗ ಇದನ್ನ ನೋಡಿ, ಇದನ್ನ ಕಾಪಾಡ್ಬೇಕು ಅಂತ ಅರಮನೆಗೆ ಹೇಳಿ ಒಪ್ಪಿಸಿದ್ರು. 2022ಕ್ಕೆ ರಾಮ್ಸಾರ್ ತಾಣ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಆಯ್ತು, ನಮ್ಮ ರಾಜ್ಯದಲ್ಲಿ ಅದೇ ಮೊದಲನೇದು.

ಆಮೇಲೆ ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯ್ತು. 1952ರಲ್ಲಿ ದೇಶದ ವನ್ಯಜೀವಿ ಮಂಡಳಿ ಶುರುವಾದಾಗ ಅದರ ಮೊದಲ ಅಧ್ಯಕ್ಷರು ಜಯಚಾಮರಾಜ ಒಡೆಯರ್, ಮೊದಲ ಸಭೆ ನಡೆದಿದ್ದೂ ಇದೇ ಮೈಸೂರಲ್ಲಿ. 1955ಕ್ಕೆ ನಾಗರಹೊಳೆ ಅಭಯಾರಣ್ಯ ಆಯ್ತು, ಅದೂ ರಾಜರ ಬೇಟೆಕಾಡೇ. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು, ಕಾಡಲ್ಲಿ ಮರ ಕಡಿಯೋದು ನಿಂತಿರಲಿಲ್ಲ, ತೇಗದ ತೋಪು ಹಾಕೋದು ನಿಂತಿರಲಿಲ್ಲ, ರಾತ್ರಿ ಜೀಪಲ್ಲಿ ಲೈಟ್ ಬಿಟ್ಕೊಂಡು ಜಿಂಕೆ ಹೊಡೆಯೋದಂತೂ ಜೋರಾಗೇ ಇತ್ತು. ಮೇಲೆ 1968ರಲ್ಲಿ ದೊಡ್ಡರೋಗ, ದನಗಳಿಗೆ ಬರೋ ರಿಂಡರ್‌ಪೆಸ್ಟ್, ಬಂತು. ಊರ ದನದಿಂದ ಕಾಡಿಗೆ ಹಬ್ಬಿ ಬಂಡೀಪುರದ ಕಾಟಿಗಳು ಸಾಲು ಸಾಲಾಗಿ ಸತ್ತವು. ನಮ್ಮೂರ ಹಿರಿಯರು ಹೇಳ್ತಿದ್ರು, ಕೆರೆ ಹತ್ರ ಹೋಗೋಕಾಗ್ತಿರಲಿಲ್ಲ ವಾಸನೆಗೆ ಅಂತ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1973ರ ಏಪ್ರಿಲ್ 1ಕ್ಕೆ ಹುಲಿ ಯೋಜನೆ, ದೇಶದಲ್ಲಿ ಒಂಬತ್ತು ಕಾಡು ಆರಿಸಿದ್ರು, ಅದರಲ್ಲಿ ಬಂಡೀಪುರ ಒಂದು. ಇಲ್ಲೊಂದು ಚಿಕ್ಕ ವಿಷಯ, ಆವತ್ತಿಗೆ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರೇ, ಕರ್ನಾಟಕ ಆಗಿದ್ದು ಅದೇ ವರ್ಷ ನವೆಂಬರ್ 1ಕ್ಕೆ. ಅಂದ್ರೆ ಬಂಡೀಪುರ ಹುಲಿ ಕಾಡಾದ ಏಳು ತಿಂಗಳ ಮೇಲೆ ನಾವು ಕರ್ನಾಟಕದೋರಾಗಿದ್ದು.

ಆಗ ಬಂಡೀಪುರದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 12 ಹುಲಿ. 2022ಕ್ಕೆ 150, ಪಕ್ಕದ ನಾಗರಹೊಳೆಯಲ್ಲಿ 141. ಎರಡು ಲೆಕ್ಕ ಒಂದೇ ರೀತಿ ಮಾಡಿದ್ದಲ್ಲ ಅನ್ನೋದು ನಿಜ. ಆಗ ಹೆಜ್ಜೆ ಗುರುತಿನ ಮೇಲೆ ಎಣಿಸ್ತಿದ್ರು. ತೊಂಬತ್ತರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು ಎಣಿಸೋ ವಿಧಾನ ಬೆಳೆಸಿದ್ರು, ದಾರಿಯ ಎರಡೂ ಬದಿ ಕ್ಯಾಮೆರಾ, ಹುಲಿ ನಡುವೆ ಹೋದ್ರೆ ಎರಡೂ ಪಕ್ಕದ ಪಟ್ಟೆ ಫೋಟೋ ಬರುತ್ತೆ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರಲ್ಲ. ಲೆಕ್ಕ ಹೆಂಗೇ ಮಾಡಿದ್ರೂ ಹುಲಿ ಹೆಚ್ಚಾಗಿದೆ ಅನ್ನೋದು ಕಣ್ಣಿಗೆ ಕಾಣೋ ಸತ್ಯ. ಅದಕ್ಕೆ ದುಡಿದ ಗಾರ್ಡು, ವಾಚರು, ಫಾರೆಸ್ಟರು, ಮಳೆಯಲ್ಲಿ ಕ್ಯಾಂಪಲ್ಲಿ ಗಂಜಿ ಕುಡ್ಕೊಂಡು ಉರುಳು ಕಿತ್ತು ಹಾಕ್ತಾ ಓಡಾಡಿದೋರು, ನಾಗರಹೊಳೆಯ ಕೆ.ಎಂ. ಚಿಣ್ಣಪ್ಪನವರಂಥ ರೇಂಜರ್‌ಗಳು, ಇವರಿಗೆಲ್ಲ ನಾನು ಕೈ ಮುಗೀತೀನಿ.

ಆದ್ರೆ ಕಾಡಿನ ಸುತ್ತ ಎಳೆದ ಅದೇ ಗೆರೆ ಇನ್ನೊಂದು ಕೆಲಸಾನೂ ಮಾಡ್ತು. 1974ಕ್ಕೆ ಕಬಿನಿ ಡ್ಯಾಮ್ ಮುಗೀತು, ಖೆಡ್ಡಾ ನಡೀತಿದ್ದ ಹಳೇ ಕಾಕನಕೋಟೆ ಜಾಗ ಬಹುಪಾಲು ಹಿನ್ನೀರಿಗೆ ಹೋಯ್ತು, ಕಾಡಿನ ಜನರ ಊರುಗಳಾದ ಹಾಡಿಗಳೂ ಹೋದವು. ಇವತ್ತು ಬೇಸಿಗೆಯಲ್ಲಿ ನೀರು ಇಳಿದಾಗ ಹಸಿ ಹುಲ್ಲು ಬರುತ್ತಲ್ಲ, ಅದಕ್ಕೆ ನೂರಾರು ಆನೆ ಬಂದು ನಿಲ್ತವೆ, ಜನ ದುಡ್ಡು ಕೊಟ್ಟು ಬೋಟಲ್ಲಿ ಹೋಗಿ ನೋಡ್ತಾರೆ, ಚೆಂದಾನೂ ಇದೆ. ಅದೇ ನೀರಿನ ಕೆಳಗೆ ಯಾರ್ಯಾರದೋ ಅಂಗಳ ಇದೆ. ನಾಗರಹೊಳೆ ಒಳಗಿಂದ ನೂರಾರು ಜೇನುಕುರುಬ ಕುಟುಂಬಗಳನ್ನ ಹೊರಗೆ ಕಳಿಸಿದ್ರು, ಕೆಲವರು ಕಾಫಿ ತೋಟದ ಲೈನ್‌ಮನೆ ಸೇರಿದ್ರು, ಕೆಲವರಿಗೆ ಮನೆ ಜಮೀನು ಕೊಟ್ಟು ಹೊಸ ಕಾಲೋನಿ ಮಾಡಿದ್ರು. ಮನೆ ಕೊಟ್ಟಿದ್ದು ಒಳ್ಳೇದೇ, ಸ್ಕೂಲು ಆಸ್ಪತ್ರೆ ಹತ್ರ ಆಯ್ತು ಅನ್ನೋರೂ ಇದ್ದಾರೆ. ಆದ್ರೆ ಜೇನು ಯಾವ ಮರದಲ್ಲಿ ಯಾವ ತಿಂಗಳು ಅಂತ ಗೊತ್ತಿರೋ ಮನುಷ್ಯನ್ನ ಮುಸುಕಿನ ಜೋಳದ ಹೊಲದಲ್ಲಿ ತಂದು ನಿಲ್ಲಿಸಿದ್ರೆ ಆ ತಿಳುವಳಿಕೆ ಎಲ್ಲಿಗೆ ಹೋಗ್ಬೇಕು?

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ವಿಷಯ ಹೇಳಿದ್ರೆ ಇದು ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಸೋಲಿಗರಲ್ಲಿ ತರಗು ಬೆಂಕಿ ಅಂತ ಇತ್ತು. ಚಳಿಗಾಲ ಮುಗಿಯೋ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವ ಇದ್ದಾಗಲೇ, ಉದುರಿದ ತರಗೆಲೆಗೆ ಸಣ್ಣಗೆ ಬೆಂಕಿ ಹಾಕೋದು. ಅದು ಕಾಲ ಮಟ್ಟಕ್ಕೆ ಹರಿದು ಆರಿಹೋಗುತ್ತೆ, ದೊಡ್ಡ ಮರಕ್ಕೆ ಏನೂ ಆಗಲ್ಲ, ಉಣ್ಣೆ ಸಾಯುತ್ತೆ, ಹೊಸ ಹುಲ್ಲು ಬರುತ್ತೆ, ಲಂಟಾನ ಅನ್ನೋ ಕಳೆಪೊದೆ ತಲೆ ಎತ್ತೋಕೆ ಆಗಲ್ಲ. ಎಪ್ಪತ್ತರ ದಶಕದಲ್ಲಿ ಅಭಯಾರಣ್ಯ ಆದ ಮೇಲೆ ಬೆಂಕಿ ಅಪರಾಧ ಆಯ್ತು. ಈಗ ಹೋಗಿ ನೋಡಿ, ಆಳೆತ್ತರ ಲಂಟಾನ, ಆನೆ ನುಗ್ಗಿದ್ರೆ ಬೆನ್ನು ಮಾತ್ರ ಕಾಣುತ್ತೆ. ಅದು ಒಣಗಿದಾಗ ಬೆಂಕಿ ಬಿದ್ರೆ ಮರದ ತಲೆವರೆಗೂ ಏರುತ್ತೆ. ಬಂಡೀಪುರದಲ್ಲೂ ಲಂಟಾನದ ಕಾಟ ಕಮ್ಮಿ ಇಲ್ಲ, 2019ರ ಫೆಬ್ರವರಿಯಲ್ಲಿ ಬಿದ್ದ ಬೆಂಕಿ ನಿಮಗೆಲ್ಲ ನೆನಪಿರ್ಬೇಕು. ಆವತ್ತು ನಾನು ಊರಲ್ಲಿದ್ದೆ. ರಾತ್ರಿ ಬೆಟ್ಟದ ಸಾಲೇ ಕೆಂಪಗೆ ಗೆರೆ ಎಳೆದ ಹಾಗಿತ್ತು, ಬೆಳಿಗ್ಗೆ ನಮ್ಮ ಹಟ್ಟಿ ಮುಂದಿನ ತೊಟ್ಟಿ ನೀರ ಮೇಲೆ ಕರೀ ಬೂದಿ ತೇಲ್ತಿತ್ತು. ಹಸೊಂದು ಮೂಸಿ ನೋಡಿ ಕುಡೀದೆ ಹಿಂದೆ ಸರೀತು. ಊರ ಹುಡುಗ್ರೆಲ್ಲ ಹಸಿ ಸೊಪ್ಪಿನ ಕೊಂಬೆ ಹಿಡ್ಕೊಂಡು ಬಡಿಯೋಕೆ ಹೋದ್ರು, ಯಾರೂ ಕರೀದೇನೇ ಹೋದ್ರು.

2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ಕೊಟ್ರು. ಹುಲಿ ಕಾಡಿನ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಸೋಲಿಗರು ಅಲ್ಲೇ ಇದ್ದಾರೆ, ಹುಲಿನೂ ಇದೆ. ನಮ್ಮ ರಾಜ್ಯದಲ್ಲಿ ಆದ ಒಳ್ಳೇ ಕೆಲಸ ಅಂದ್ರೆ ನಾನು ಇದನ್ನ ಮೊದಲು ಹೇಳ್ತೀನಿ.

ಇನ್ನು ನಮ್ಮಂಥ ಕಾಡಂಚಿನ ರೈತರ ಮಾತು. ನಮ್ಮ ಅಪ್ಪ ರಾಗಿ ತೆನೆ ಕಟ್ಟೋ ಕಾಲಕ್ಕೆ ಎರಡು ತಿಂಗಳು ಅಟ್ಟಣೆ ಮೇಲೇ ಮಲಗ್ತಿದ್ರು. ಒಂದು ಕಂಬಳಿ, ಒಂದು ಬ್ಯಾಟರಿ, ಒಂದು ತಗಡಿನ ಡಬ್ಬ. ಆನೆ ಬರೋದು ಶಬ್ದ ಮಾಡ್ಕೊಂಡಲ್ಲ, ಮೊದಲು ನಾಯಿ ಗುರ್ ಅನ್ನುತ್ತೆ, ಆಮೇಲೆ ರಾಗಿ ಕಿತ್ತು ಬೇರಿನ ಮಣ್ಣು ಕಾಲಿಗೆ ಬಡಿದು ಉದುರಿಸೋ ಸದ್ದು, ಪಟ್ ಪಟ್ ಅಂತ. ಆ ಸದ್ದು ಕೇಳಿದ್ರೆ ಅಷ್ಟೊತ್ತಿಗೆ ಆನೆ ಹೊಲದ ಮಧ್ಯ ಬಂದಾಗಿದೆ ಅಂತ ಅರ್ಥ. ಒಂದು ವರ್ಷ ಒಂದೇ ರಾತ್ರಿ ಒಂದೂವರೆ ಎಕರೆ ಹೋಯ್ತು. ಪರಿಹಾರದ ಅರ್ಜಿ ಹಿಡ್ಕೊಂಡು ಅಪ್ಪ ಆಫೀಸಿಗೆ ಎಷ್ಟು ಸಲ ಅಲೆದ್ರೋ, ಪಹಣಿ ತಾ, ಫೋಟೋ ತಾ, ನಾಳೆ ಬಾ. ಕೊನೆಗೆ ಬಂದ ದುಡ್ಡು ಬಿತ್ತನೆ ಗೊಬ್ಬರಕ್ಕೂ ಸಾಲಲಿಲ್ಲ. ಆದ್ರೂ ಅಪ್ಪ ಆನೆ ಮೇಲೆ ಸಿಟ್ಟು ಮಾಡ್ಕೊಂಡಿದ್ದು ನಾನು ನೋಡಿಲ್ಲ. ಗಣೇಶ ಬಂದು ಉಂಡು ಹೋದ ಅಂತಿದ್ರು, ಹಾಗಂದು ಸಾಲ ತರೋಕೆ ಹೋಗ್ತಿದ್ರು.

ನಮ್ಮ ತಪ್ಪೂ ಇದೆ, ಅದನ್ನ ಮುಚ್ಚಿಡಬಾರದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದನ ಸಾಕಿದ್ದು ಹಾಲಿಗಲ್ಲ, ಸಗಣಿಗೆ. ಬೆಳಿಗ್ಗೆ ದನ ಕಾಡಿಗೆ ಅಟ್ಟೋದು, ಸಂಜೆ ಬಂದು ಕೊಟ್ಟಿಗೆಯಲ್ಲಿ ಹಾಕಿದ ಸಗಣಿ ಗುಡ್ಡೆ ಮಾಡೋದು, ಲಾರಿ ಬಂದು ಕೇರಳದ ಕಾಫಿ ತೋಟಕ್ಕೆ, ಶುಂಠಿ ಹೊಲಕ್ಕೆ ತುಂಬ್ಕೊಂಡು ಹೋಗೋದು. ಕಾಫಿಗೆ ರೇಟು ಬಂದಾಗ ಸಗಣಿಗೂ ರೇಟು, ಸಗಣಿಗೆ ರೇಟು ಬಂದಾಗ ಕಾಡಿಗೆ ಇನ್ನೂ ನಾಲ್ಕು ದನ. ಹಂಗೆ ಬಂಡೀಪುರದ ಹುಲ್ಲು ಲಾರಿ ಲಾರಿಯಾಗಿ ಘಟ್ಟದ ಆಚೆ ಹೋಯ್ತು, ಜಿಂಕೆ ಕಡವೆ ಬಾಯಿಗೆ ಹೋಗ್ಬೇಕಿದ್ದ ಹುಲ್ಲು. ನಮ್ಮ ಮನೆ ಕೊಟ್ಟಿಗೆಯಿಂದಾನೂ ಹೋಗಿದೆ. ಆ ದುಡ್ಡಲ್ಲೇ ನಾನು ಓದಿದ್ದು.

ಬಂಡೀಪುರ ಕಾಡಿನ ನಡುವೆ ಕೇರಳದ ವಯನಾಡಿಗೆ ಹೋಗೋ ರಸ್ತೆ ರಾತ್ರಿ ಬಂದ್ ಮಾಡೋ ವಿಷಯ ಯಾರೋ ಚೀಟಿ ಕಳಿಸಿದ್ದಾರೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತದ ಆದೇಶ ಆಯ್ತು, 2010ರಲ್ಲಿ ಹೈಕೋರ್ಟ್ ಎತ್ತಿ ಹಿಡೀತು, ರಾತ್ರಿ 9ರಿಂದ ಬೆಳಿಗ್ಗೆ 6. ವಯನಾಡಿನೋರಿಗೆ ಕಷ್ಟ ಇದೆ, ಅದನ್ನ ಹಗುರವಾಗಿ ಹೇಳಲ್ಲ. ಆದ್ರೆ ಬಂದ್ ಆಗೋ ಮುಂಚೆ ಬೆಳಿಗ್ಗೆ ಆ ರಸ್ತೆಯಲ್ಲಿ ಬಸ್ಸಲ್ಲಿ ಹೋದೋರನ್ನ ಕೇಳಿ ನೋಡಿ, ಡಾಂಬರಿನ ಮೇಲೆ ಏನೇನು ಬಿದ್ದಿರ್ತಿತ್ತು ಅಂತ. ಬಂದ್ ಇರಲಿ ಅನ್ನೋದು ನನ್ನ ಅಭಿಪ್ರಾಯ.

ಕೊಕ್ಕರೆ ಬೆಳ್ಳೂರಿಗೆ ಹೋಗದೆ ಈ ಮಾತು ಮುಗಿಸೋಕಾಗಲ್ಲ. ಮದ್ದೂರು ತಾಲ್ಲೂಕು, ಬೇಲಿ ಇಲ್ಲ ಗೇಟಿಲ್ಲ, ಊರ ನಡುವಿನ ಹುಣಸೆ ಮರದ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಗೂಡಿನ ಕೆಳಗೆ ಮನೆ, ಮನೆ ಹೆಂಚಿನ ಮೇಲೆ ಬಿಳೀ ಹಿಕ್ಕೆ, ಮೀನಿನ ವಾಸನೆ. ಹಕ್ಕಿ ಕೂತ ವರ್ಷ ಹುಣಸೆಹಣ್ಣಿನ ಫಸಲು ಸರಿಯಾಗಿ ಸಿಗಲ್ಲ, ಮರದೋರಿಗೆ ನಷ್ಟ. ಹಿಕ್ಕೆ ಮಾತ್ರ ಹೊಲಕ್ಕೆ ಒಳ್ಳೇ ಗೊಬ್ಬರ. ಆ ಊರಿನ ಹೆಂಗಸರು ಹೇಳೋ ಮಾತು ಎಲ್ರಿಗೂ ಗೊತ್ತಿದೆ, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇವು, ಓಡಿಸೋಕಾಗುತ್ತಾ ಅಂತ. ನಾನು ಹೋದಾಗ ಒಬ್ರು ಅಜ್ಜಿ ಗೂಡಿಂದ ಬಿದ್ದ ಮರೀನ ಮಡಿಲಲ್ಲಿ ಇಟ್ಕೊಂಡು ಕೂತಿದ್ರು, ಮೊಮ್ಮಗನ್ನ ಕೆರೆಗೆ ಮೀನು ತರೋಕೆ ಕಳಿಸಿದ್ರು. ಆಮೇಲೆ ಸರ್ಕಾರ ಈ ಊರನ್ನ ಸಮುದಾಯ ಮೀಸಲು ಅಂತ ಘೋಷಿಸ್ತು. ಅಜ್ಜಿ ಮಾಡ್ತಿದ್ದ ಕೆಲಸಕ್ಕೆ ಕಾಗದ ಸಿಕ್ತು ಅಷ್ಟೇ.

ಕೊನೇದಾಗಿ ದಸರಾ ಆನೆ ಅರ್ಜುನ. ನೀವೆಲ್ಲ ಮೈಸೂರಿನೋರು, ಅರ್ಜುನನ್ನ ನೋಡದೋರು ಇಲ್ಲಿ ಯಾರೂ ಇಲ್ಲ. 2012ರಿಂದ 2019ರವರೆಗೆ ಎಂಟು ದಸರಾ, 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. ಅವನನ್ನ ಹಿಡಿದಿದ್ದು 1968ರ ಕಾಕನಕೋಟೆ ಖೆಡ್ಡಾದಲ್ಲಿ, ಕಬಿನಿ ದಂಡೆಯಲ್ಲಿ, ಇನ್ನೂ ಚಿಕ್ಕವನಿದ್ದಾಗ. 2023ರ ಡಿಸೆಂಬರ್ 4ಕ್ಕೆ ಸಕಲೇಶಪುರದ ಯಸಳೂರು ಹತ್ರ ಕಾಡಾನೆ ಹಿಡಿಯೋ ಕೆಲಸದಲ್ಲಿ ಒಂದು ಸಲಗದ ಜೊತೆ ಕಾದಾಡಿ ಸತ್ತ, ಸತ್ತ ಜಾಗದಲ್ಲೇ ಮಣ್ಣು ಮಾಡಿದ್ರು. ಆವತ್ತು ಟಿವಿಯಲ್ಲಿ ಅವನ ಮಾವುತ ಅಳೋದನ್ನ ಇಡೀ ರಾಜ್ಯ ನೋಡ್ತು. ಕಾಡಿಂದ ಹಿಡಿದು ತಂದ ಆನೆ, ಇನ್ನೊಂದು ಕಾಡಾನೆ ಹಿಡಿಯೋಕೆ ಹೋಗಿ, ಕಾಡಲ್ಲೇ ಸತ್ತಿದ್ದು. ಐವತ್ತೈದು ವರ್ಷದ ಚರಿತ್ರೆ ಅದು, ಒಂದೇ ಜೀವದ ಮೈಮೇಲೆ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆ ಕೇಳೋ ಹೊತ್ತಲ್ಲಿ ಒಂದು ಹುಡುಗಿ ಎದ್ದು, ಸರ್, ಖೆಡ್ಡಾ ಕಣ್ಣಾರೆ ನೋಡಿದೋರು ಈಗ ಯಾರಾದ್ರೂ ಇದ್ದಾರಾ ಅಂತ ಕೇಳಿದ್ಲು. ನಾನು ಉತ್ತರ ಹೇಳೋ ಮುಂಚೆ ಹಿಂದಿನ ಬೆಂಚಲ್ಲಿ ಕೂತಿದ್ದ ಒಬ್ರು ಹಿರಿಯರು, ಎಪ್ಪತ್ತು ದಾಟಿರ್ಬೇಕು, ಮೊಮ್ಮಗನ ಜೊತೆ ಬಂದಿದ್ರು, ಕೈ ಎತ್ತಿದ್ರು. ಹಾಡಿಯೋರು, ಎಚ್.ಡಿ. ಕೋಟೆ ಕಡೆ. ಕೊನೇ ಖೆಡ್ಡಾದಲ್ಲಿ ನಮ್ಮಪ್ಪನ ಜೊತೆ ಸೊಪ್ಪು ಹೊರೋಕೆ ಹೋಗಿದ್ದೆ ಅಂದ್ರು. ವೇದಿಕೆಗೆ ಬನ್ನಿ ತಾತ ಅಂದೆ, ಇಲ್ಲೇ ಸರಿ ಅಂದು ನಿಂತಲ್ಲೇ ಹೇಳಿದ್ರು. ಒಂದು ಹೆಣ್ಣಾನೆ, ಮರಿ ಬೇರೆ ಕಡೆ ಕಟ್ಟಿದ್ರು, ಎರಡು ದಿನ ಏನೂ ಮುಟ್ಟಲಿಲ್ಲ. ಕಬ್ಬು ಇಟ್ರೂ ಮುಟ್ಟಲಿಲ್ಲ, ಬೆಲ್ಲ ಇಟ್ರೂ ಮುಟ್ಟಲಿಲ್ಲ. ಮೂರನೇ ದಿನ ಅವರಪ್ಪ ಕಾಡಿಗೆ ಹೋಗಿ, ಆ ಹಿಂಡು ಮುಂಚೆ ಮೇಯ್ತಿದ್ದ ಜಾಗದ್ದೇ ಬಿದಿರು ಕಡ್ಕೊಂಡು ಬಂದು ಹಾಕಿದ್ರಂತೆ.

"ಅದನ್ನ ತಿಂತು" ಅಂದು ಕೂತ್ಕೊಂಡ್ರು.